ಕೊಟ್ಟ ರೇಟು, ಹೇಳಿದ ರೇಟು

ನನ್ನ ನಾದಿನಿಗೆ ಒಂದು ಸಲ ಕ್ಯಾನ್ಸರಿನ ಸಲೈನ್ ಹಾಕಿಸಲು ಎಷ್ಟು ಖರ್ಚಾಗುತ್ತಿತ್ತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಔಷಧಕ್ಕೆ ಸೊನ್ನೆ, ಅದು ಸರ್ಕಾರದ ಕಾರ್ಡಿನಲ್ಲಿ ಹೋಗುತ್ತದೆ. ಆ ಸೊನ್ನೆಯನ್ನು ಮೈಗೆ ಹಾಕಿಸಿಕೊಂಡು ಮನೆಗೆ ಬರಲು ಮೂರು ಸಾವಿರದ ಇನ್ನೂರು ರೂಪಾಯಿ. ಏಕೆಂದರೆ ಅವಳ ಊರು ಅಫಜಲಪುರ ತಾಲ್ಲೂಕಿನ ಘತ್ತರಗಿ ರಸ್ತೆಯಲ್ಲಿದೆ, ಸಲೈನ್ ಕಲಬುರಗಿಯಲ್ಲಿದೆ. ಹೋಗುವಾಗ ಬಸ್ಸು ನಡೆದೀತು, ಬರುವಾಗ ನಡೆಯುವುದಿಲ್ಲ. ಆ ಔಷಧ ಮೈಗೆ ಹೋದ ಮೇಲೆ ಬಸ್ಸಿನ ವಾಸನೆಗೇ ಅವಳ ಹೊಟ್ಟೆ ತೊಳಸುತ್ತದೆ. ಹಾಗಾಗಿ ಗಾಡಿ ಮಾಡಬೇಕು. ಗಾಡಿ ಎಂದ ಮೇಲೆ ಡ್ರೈವರನ ಊಟ, ಜೊತೆಗೆ ಹೋದವರ ಊಟ, ಎರಡೆರಡು ಸಲ ಚಹಾ, ಅವಳಿಗೊಂದು ಎಳನೀರು.

ಇದು ಖರೇ ಲೆಕ್ಕ. ಇದು ಕೈಗೆ ಸಿಗುವಷ್ಟರಲ್ಲಿ ನನಗೆ ಒಂದು ಇಡೀ ಚಳಿಗಾಲ, ಸ್ಕೂಟಿಯ ಎರಡು ಟೈರು ಮತ್ತು ಇಷ್ಟು ವರ್ಷ ಗಳಿಸಿಟ್ಟ ಹೆಸರಿನಲ್ಲಿ ಅರ್ಧಪಾಲು ಖರ್ಚಾಯಿತು.

ಆ ಹೆಸರು ಎಂಥದ್ದು ಎಂದು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಾನು ಆಳಂದದಲ್ಲಿ ಸೀರೆ ಮಾರುವವಳು. ನನಗೆ ಯಾರೂ ಅಂಗಡಿ ಹಾಕಿಕೊಡಲಿಲ್ಲ. ಬುದ್ಧ ಪೂರ್ಣಿಮೆಗೆ ನಮ್ಮ ಓಣಿಯ ಹೆಂಗಸರು ಉಡುವ ಬಿಳಿ ಸೀರೆಗಳ ಒಂದು ಗಂಟನ್ನು ಸೋಲಾಪುರದಿಂದ ಹೊತ್ತು ತಂದು ಶುರುಮಾಡಿದೆ. ಬಿಳಿಯಿಂದ ಬಣ್ಣಕ್ಕೆ ಬಂದೆ, ನಮ್ಮ ಓಣಿಯಿಂದ ಎಲ್ಲರ ಓಣಿಗೂ ಹೋದೆ. ಆಳಂದ, ಅಫಜಲಪುರ, ಜೇವರ್ಗಿ, ಮೂರೂ ತಾಲ್ಲೂಕುಗಳಲ್ಲಿ ಕಂತಿನ ಮೇಲೆ ಸೀರೆ ಕೊಟ್ಟಿದ್ದೇನೆ. ಚೌಕಾಶಿಯಲ್ಲಿ ನನ್ನನ್ನು ಗೆದ್ದವರಿಲ್ಲ ಎಂದು ಜನ ಹೇಳುತ್ತಾರೆ. ಜನರ ಮಾತನ್ನು ನಾನು ಯಾವತ್ತೂ ಅಲ್ಲಗಳೆದವಳಲ್ಲ.

ಒಂದು ದಿನ ಕಡಗಂಚಿಯ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಕಲಿಸುವ ಒಬ್ಬ ಮೇಡಂ ಅಂಗಡಿಗೆ ಬಂದರು. ಮಂಡ್ಯದ ಕಡೆಯವರು. ಒಂದು ಇಳಕಲ್ ಸೀರೆ ಆರಿಸಿದರು, ನಾನು ಹೇಳಿದ ರೇಟನ್ನೇ ತೆಗೆದು ಕೊಟ್ಟರು. ನನಗೆ ಕನಿಕರವಾಯಿತು.

"ಅಲ್ರಿ ಮೇಡಂ, ಅರ್ಥಶಾಸ್ತ್ರ ಕಲಸ್ತೀರಿ, ಚೌಕಾಶಿ ಬರಂಗಿಲ್ಲೇನ್ರಿ?"

"ಬರಲ್ಲ ಅಕ್ಕಾ. ಬರೋರನ್ನ ಹುಡುಕ್ತಾ ಇದೀನಿ," ಎಂದರು.

ಅವರ ಕೆಲಸ ಹೀಗಿತ್ತು. ಕ್ಯಾನ್ಸರ್ ಚಿಕಿತ್ಸೆಗೆ ಒಟ್ಟು ಎಷ್ಟು ಖರ್ಚಾಗುತ್ತದೆ ಎಂದು ಕಂಪ್ಯೂಟರಿನಲ್ಲಿ ಒಂದು ಮಾಡೆಲ್ ಕಟ್ಟುತ್ತಿದ್ದರು. ಅದರಲ್ಲಿ ಎರಡು ದಾರಿ: ಒಂದು, ರೋಗಿ ಪ್ರತಿ ಸಲ ದೊಡ್ಡ ಊರಿಗೆ ಹೋಗುವುದು. ಇನ್ನೊಂದು, ತಪಾಸಣೆ ಅಲ್ಲೇ ಆಗಲಿ, ಸಲೈನ್ ಮಾತ್ರ ತಾಲ್ಲೂಕು ಆಸ್ಪತ್ರೆಯಲ್ಲಿ ಹಾಕುವುದು. ಯಾವ ದಾರಿಯಲ್ಲಿ ಸರ್ಕಾರಕ್ಕೆ ಎಷ್ಟು, ಮನೆಯವರಿಗೆ ಎಷ್ಟು ಎಂದು ಅಂಕಿ ಕೂಡಿಸಿ ನೋಡಬೇಕು. ಎರಡನೆಯದು ಅಗ್ಗವೆಂದು ಬಂದರೆ ಅಫಜಲಪುರದಲ್ಲಿ ಒಂದು ಕೋಣೆ ತೆರೆದು ನೋಡಲು ಅಧಿಕಾರಿಗಳು ತಯಾರಿದ್ದಾರೆ.

"ಅಂದ್ರ ಗಿರಾಕಿ ಅಂಗಡಿಗೆ ಬರಬೇಕೋ, ಸೀರಿ ಗಿರಾಕಿ ಮನಿಗೆ ಹೋಗಬೇಕೋ ಅನ್ನೋದು," ಎಂದೆ. "ಇದಕ್ಕ ಕಂಪ್ಯೂಟರ್ ಯಾಕ್ರಿ? ನನ್ನ ಸ್ಕೂಟಿ ಕೇಳ್ರಿ, ಹೇಳ್ತದ."

"ಸ್ಕೂಟಿ ಮಾತನ್ನ ಅಧಿಕಾರಿಗಳು ಕೇಳಲ್ಲ ಅಕ್ಕಾ. ಮನೆಮನೆಯ ಅಂಕಿ ಬೇಕು. ನಿಮಗಾದರೆ ಬಾಗಿಲು ತೆಗೀತಾರೆ."

ಮನೆಯೊಂದಕ್ಕೆ ಅವರು ಹೇಳಿದ ಸಂಭಾವನೆಯನ್ನು ಒಂದೂವರೆ ಪಟ್ಟು ಮಾಡಿಸಿ, ಪೆಟ್ರೋಲ್ ಬೇರೆ ಎಂದು ಒಪ್ಪಿಸಿ ಹೂಂ ಎಂದೆ. ಸಂಭಾವನೆ ಇಲ್ಲದಿದ್ದರೂ ಒಪ್ಪುತ್ತಿದ್ದೆ, ಆದರೆ ಅದನ್ನು ಅವರಿಗೇಕೆ ಹೇಳಲಿ? ಆ ವಾರವಷ್ಟೇ ನಾದಿನಿ ಫೋನಿನಲ್ಲಿ, "ಸಾಕಾಗೇದ ವೈನಿ. ಇದೊಂದು ಸಲೈನ್ ಆಗಲಿ, ಮುಂದ ನಾ ಹೋಗಂಗಿಲ್ಲ," ಎಂದಿದ್ದಳು. ಇನ್ನೂ ನಾಲ್ಕು ಬಾಕಿ ಇದ್ದವು. ನಡುವೆ ಬಿಟ್ಟರೆ ಹಾಕಿಸಿದ್ದೂ ದಂಡ ಎಂದು ಡಾಕ್ಟರು ಹೇಳಿದ್ದರು.

"ಯಾಕ ಬೇ? ಗಾಡಿಗೆ ಎಷ್ಟು ಕೊಡ್ತೀ?" ಎಂದು ಕೇಳಿದ್ದೆ.

"ಹದಿನೈದು ನೂರು."

"ಹದಿನೈದು ನೂರಕ್ಕ ಯಾರರ ಜೀವ ಬಿಡ್ತಾರೇನ ಬೇ?" ಎಂದು ಬೈದು ಫೋನ್ ಇಟ್ಟಿದ್ದೆ. ಅಫಜಲಪುರದಲ್ಲೇ ಕೋಣೆಯಾದರೆ ಅವಳಿಗೆ ನೆಪವೇ ಉಳಿಯುವುದಿಲ್ಲ ಎಂಬುದು ನನ್ನ ಲೆಕ್ಕ.

ಮೇಡಂ ಕಲಿಸಿದ್ದು ಸುಲಭವಿತ್ತು. ರೋಗಿಯ ಹೆಸರು ಬರೆಯಬಾರದು, ಪ್ರತಿ ಮನೆಗೂ ಒಂದು ನಂಬರು. ಖರ್ಚಿಗೆ ಮೂರು ಕಾಲಂ: ಆಸ್ಪತ್ರೆ-ಔಷಧದ್ದು ಒಂದು, ಓಡಾಟ-ಊಟ-ವಸತಿಯದ್ದು ಒಂದು, ಕೆಲಸ ಬಿಟ್ಟು ಕಳೆದುಕೊಂಡ ಕೂಲಿಯದ್ದು ಒಂದು. ಮೂರನೆಯದಕ್ಕೆ ನಾನು ತಕರಾರು ತೆಗೆದೆ.

"ನನ್ನ ನಾದಿನಿ ಗಂಡ ಆಸ್ಪತ್ರಿ ಬೇವಿನ ಗಿಡದ ಕೆಳಗ ಮಲಗಿರ್ತಾನ್ರಿ. ಮನ್ಯಾಗಿದ್ರೂ ಬೇವಿನ ಗಿಡದ ಕೆಳಗೇ ಮಲಗಿರ್ತಾನ. ಅವಂಗ ಯಾ ಕೂಲಿ ಹಾಕ್ತೀರಿ?"

"ಮತ್ತೆ ನಿಮ್ಮ ನಾದಿನಿ?"

ಅವಳು ಅಫಜಲಪುರದ ಒಂದು ಖಾನಾವಳಿಗೆ ದಿನಾ ರೊಟ್ಟಿ ಬಡಿದು ಕೊಡುತ್ತಿದ್ದಳು. ಸಲೈನ್ ಹಾಕಿಸಿದ ವಾರ ಕೈ ಮೇಲೆತ್ತಲು ಬರುತ್ತಿರಲಿಲ್ಲ. ಅದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಕಾಲಂ ಒಪ್ಪಿಕೊಂಡೆ.

ಮೊದಲು ಹೋದದ್ದು ಹಿರೋಳ್ಳಿಗೆ. ಅಲ್ಲಿಂದ ಸೋಲಾಪುರ ಹತ್ತಿರ, ರೋಗಿಗಳು ಗಡಿ ದಾಟಿ ಅಲ್ಲಿಗೇ ಹೋಗುತ್ತಾರೆ. ಒಬ್ಬ ಮುದುಕರು ಹೆಂಡತಿಗೆ ಚಿಕಿತ್ಸೆ ಕೊಡಿಸುತ್ತಿದ್ದರು. ಚಹಾ ತರಿಸಿದರು. ಗಾಡಿಗೆ ಎಷ್ಟು ಕೊಟ್ಟಿರಿ ಎಂದು ಕೇಳಿದೆ.

"ಎರಡು ಸಾವಿರ್ರಿ."

ಇಲ್ಲಿ ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ. "ಎರಡು ಸಾವಿರ? ಹಿರೋಳ್ಳಿಯಿಂದ ಸೋಲಾಪುರಕ್ಕ? ಯಾವ ಶಾಣ್ಯಾ ಕೊಡ್ತಾನ್ರಿ ಕಾಕಾ?"

ಮುದುಕರು ಸುತ್ತ ನೋಡಿದರು. ಕಟ್ಟೆಯ ಮೇಲೆ ನಾಲ್ಕು ಜನ ಕೂತಿದ್ದರು. "ಅಂವ ಕೇಳಿದ್ದು ಎರಡು ಸಾವಿರ. ನಾ ಹದಿನೈದು ನೂರು ಕೊಟ್ಟೆ."

"ಊಟ ಅದರಾಗೇ ಬಂತಿಲ್ರಿ?"

"ಬಂತು... ಬಂತ್ರಿ."

"ಹಂಗಾದ್ರ ಬರೇ ಗಾಡಿದು ಹನ್ನೆರಡು ನೂರು ಬರಕೋತೇನಿ."

"ಬರಕೋರೆವ್ವ. ನಿಮ್ಮ ಮಾತಿಗೆ ಇಲ್ಲ ಅನ್ನಾಕ ಆಗ್ತದೇನು?"

ಹೀಗೆ ಆಗಲೇ ಕೊಟ್ಟು ಮುಗಿದ ದುಡ್ಡನ್ನು ಚೌಕಾಶಿ ಮಾಡಿ ಎಂಟುನೂರು ಇಳಿಸಿ, ಗೆದ್ದ ಖುಷಿಯಲ್ಲಿ ಸ್ಕೂಟಿ ಹತ್ತಿದೆ. ಮುಂದಿನ ಊರುಗಳಲ್ಲಿ ನಾನು ಕಷ್ಟಪಡಬೇಕಾಗಲೇ ಇಲ್ಲ. ಸೀರೆಯ ಬಾಯಿ, ಅಂದರೆ ಸೀರೆ ಮಾರುವ ಹೆಂಗಸು, ಗಾಡಿಯ ರೇಟು ಕೇಳಲು ಬರುತ್ತಿದ್ದಾಳೆ ಎಂಬ ಸುದ್ದಿ ನನಗಿಂತ ಮುಂಚೆ ಹೋಗುತ್ತಿತ್ತು. ಒಬ್ಬರು ಸಾವಿರ ಎಂದರೆ ಪಕ್ಕದ ಓಣಿಯವರು ಒಂಬೈನೂರು ಎನ್ನುತ್ತಿದ್ದರು. ನಮ್ಮ ಕಡೆ ಹೆಚ್ಚು ಕೊಟ್ಟೆ ಎಂದು ಬಾಯಿಬಿಡುವುದು ಹರಿದ ಸೀರೆಯಲ್ಲಿ ಮದುವೆಗೆ ಹೋದಷ್ಟೇ ನಾಚಿಕೆ. ಅದೂ ನನ್ನೆದುರು! ನಾನೋ, ನಮ್ಮ ಜನ ಎಷ್ಟು ಹುಷಾರಾದರಪ್ಪ ಎಂದು ಹೆಮ್ಮೆಪಟ್ಟು ಬರೆದುಕೊಳ್ಳುತ್ತಿದ್ದೆ.

ಹಾಳೆಗಳನ್ನೆಲ್ಲ ಕಡಗಂಚಿಗೆ ಒಯ್ದು ಕೊಟ್ಟೆ. ಮೇಡಂ ಅಂಕಿಗಳನ್ನು ಕಂಪ್ಯೂಟರಿಗೆ ಹಾಕಿ ಬಹಳ ಹೊತ್ತು ನೋಡಿದರು.

"ಅಕ್ಕಾ, ಈ ಗಾಡಿಗಳು ನೀರು ಹಾಕಿದ್ರೆ ಓಡ್ತವಾ?"

"ಯಾಕ್ರಿ ಮೇಡಂ?"

"ಇಲ್ಲಿ ಬರೆದಿರೋ ಬಾಡಿಗೆಗೆ ಡೀಸೆಲ್ಲೂ ಬರಲ್ಲ. ಡ್ರೈವರು ಕೈಯಿಂದ ಹಾಕಿ ಕರ್ಕೊಂಡು ಹೋಗಿದಾರೆ ಅನ್ಸುತ್ತೆ."

"ಅದು ನಮ್ಮ ಮಂದಿ ಚೌಕಾಶಿ ಮೇಡಂ. ನಿಮಗ ತಿಳಿಯಂಗಿಲ್ಲ."

ಅವರು ಪರದೆಯನ್ನು ನನ್ನ ಕಡೆ ತಿರುಗಿಸಿದರು. "ಈ ಅಂಕಿ ಇಟ್ಕೊಂಡ್ರೆ ಮಾಡೆಲ್ ಏನು ಹೇಳುತ್ತೆ ಗೊತ್ತಾ? ರೋಗಿಗಳು ಕಲಬುರಗಿಗೆ ಹೋಗೋದೇ ಅಗ್ಗ, ಅಫಜಲಪುರಕ್ಕೆ ಕೋಣೆ ಬೇಡ. ಬರೋ ತಿಂಗಳು ಅಧಿಕಾರಿಗಳ ಸಭೆ ಇದೆ. ನಾನು ಇದನ್ನೇ ಓದಬೇಕಾಗುತ್ತೆ."

ಮೂರು ತಾಲ್ಲೂಕು ಸುತ್ತಿ, ಚೌಕಾಶಿ ಮಾಡಿ ಮಾಡಿ, ನಾನು ನಾದಿನಿಯ ಕೋಣೆಯನ್ನೇ ಇಳಿಸಿಬಿಟ್ಟಿದ್ದೆ. ಆದರೂ ಜನ ಸುಳ್ಳು ಹೇಳಿದ್ದಾರೆ ಎಂದು ನಂಬಲು ಮನಸ್ಸು ಒಪ್ಪಲಿಲ್ಲ. ನನ್ನ ನಾದಿನಿಯೇ ಹದಿನೈದು ನೂರು ಎಂದಿದ್ದಳಲ್ಲ!

ಅವಳ ಮುಂದಿನ ಸಲೈನಿಗೆ ನಾನೇ ಜೊತೆಗೆ ಹೋದೆ. ಗಂಡನಿಗೆ ತೊಗರಿ ರಾಶಿಯಿತ್ತು, ಅಥವಾ ಹಾಗೆಂದು ಹೇಳಿದ್ದ. ಬರುವಾಗ ಅವಳು ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ನನ್ನ ತೊಡೆಯ ಮೇಲೆ ಮಲಗಿದ್ದಳು. ಮನೆಯ ಮುಂದೆ ಗಾಡಿ ನಿಂತಿತು. ಈ ಸಲ ದುಡ್ಡು ನಾನೇ ಕೊಡುತ್ತೇನೆಂದು ಹದಿನೈದು ನೂರು ಎಣಿಸಿ ಡ್ರೈವರನ ಕೈಗಿಟ್ಟೆ. ಅವನು ನೋಟು ನೋಡಿದ, ನನ್ನನ್ನು ನೋಡಿದ.

"ಅರ್ಧ ಆತ್ರಿ ಅಕ್ಕಾರ. ಉಳದರ್ಧ?"

"ಯಾವ ಉಳದರ್ಧ?"

"ಪ್ರತಿ ಸಲ ಇಪ್ಪತ್ತೆಂಟು ನೂರು ಕೊಡ್ತಾರಲ್ರಿ."

ನಾದಿನಿಯ ಕಡೆ ತಿರುಗಿದೆ. ಅಷ್ಟು ಹೊತ್ತು ಕಣ್ಣು ಬಿಡಲಾಗದವಳು ಸೆರಗಿನಿಂದ ಪೂರ್ತಿ ಮುಖ ಮುಚ್ಚಿಕೊಂಡಿದ್ದಳು. ಉಳಿದದ್ದನ್ನು ಕೊಟ್ಟು, ಅವಳನ್ನು ಒಳಗೆ ಮಲಗಿಸಿ, ಕೇಳಿದೆ.

"ನನಗ ಯಾಕ ಸುಳ್ಳು ಹೇಳಿದಿ?"

"ಖರೇ ಹೇಳಿದ್ರ ನೀವು ಬಿಡ್ತಿದ್ರೇನು ವೈನಿ? ಹೋದ ವರ್ಷ ಒಂದು ಕೊಡ ತೊಗೊಂಡೆ, ನಲವತ್ತು ರೂಪಾಯಿ ಹೆಚ್ಚಿಗಿ ಕೊಟ್ಟೆ ಅಂತ ಮದುವಿ ಮನ್ಯಾಗ ಎಲ್ಲರ ಮುಂದ ಅಂದ್ರಿ. ಇನ್ನ ಇದನ್ನ ಹೇಳಿದ್ರ? ಕ್ಯಾನ್ಸರ್ ಬಂದದ್ದು ತಡಕೋತೇನಿ, ನಿಮ್ಮ ಬಾಯಿ ತಡಕೊಳ್ಳಾಕ ಆಗಂಗಿಲ್ಲ."

"ಅದಕ್ಕ ಸಲೈನ್ ಬಿಡ್ತೇನಿ ಅಂದ್ಯಾ? ರೊಕ್ಕಕ್ಕ?"

"ಮತ್ತ್ಯಾಕ? ಔಷಧ ಫುಕಟ ಅಂತ ಊರೆಲ್ಲ ಅಂತದ. ಮಗಳ ಕಿವ್ಯಾಗಿನ ಬೆಂಡೋಲಿ ಗಾಡಿಗೆ ಹೋಗ್ಯಾವ."

ನಾನು ಅವಳೊಂದಿಗೆ ಒಂದು ಒಪ್ಪಂದ ಕುದುರಿಸಿದೆ. ಕೋಣೆಯ ತೀರ್ಮಾನ ಆಗುವ ತನಕ ಗಾಡಿಯ ಖರ್ಚು ನನ್ನದು, ಸಲೈನ್ ಬಿಡುವ ಮಾತು ಅವಳು ಎತ್ತಬಾರದು. ಅವಳೂ ಒಂದು ಶರತ್ತು ಹಾಕಿದಳು: "ಡ್ರೈವರನ ಜೋಡಿ ರೇಟು ಮಾತಾಡಬಾರದು. ಮೂರು ಊರಾಗ ಅಂವ ಒಬ್ಬನೇ ಮೆಲ್ಲಕ ಹೊಡಿತಾನ." ಒಪ್ಪಿಕೊಂಡೆ. ಜೀವನದಲ್ಲಿ ಚೌಕಾಶಿ ಇಲ್ಲದೆ ಒಪ್ಪಿದ ಮೊದಲ ವ್ಯಾಪಾರ ಅದು.

ಈಗ ಎಲ್ಲ ಮನೆಗಳಿಗೂ ಮತ್ತೆ ಹೋಗಬೇಕಿತ್ತು. ಮೊದಲು ಜೇವರ್ಗಿಯ ಒಂದು ಓಣಿಗೆ ಹೋಗಿ ಕಟ್ಟೆಯ ಮೇಲೆ ಕೂತು ಎಲ್ಲರೆದುರು ಹೇಳಿದೆ: "ನೋಡ್ರವ್ವ, ನಾನೂ ಇಪ್ಪತ್ತೆಂಟು ನೂರು ಕೊಟ್ಟು ಬಂದೇನಿ. ನೀವೂ ಖರೇ ಹೇಳ್ರಿ." ಇದು ಇನ್ನೂ ದೊಡ್ಡ ತಪ್ಪಾಯಿತು. ಸೀರೆಯ ಬಾಯಿಯೇ ಸೋತಿದ್ದಾಳೆ ಎಂದ ಮೇಲೆ ಸೋಲುವುದೇ ಒಂದು ಮರ್ಯಾದೆಯಾಗಿಬಿಟ್ಟಿತು. ಮೊನ್ನೆ ಸಾವಿರ ಎಂದವರು ಐದು ಸಾವಿರ ಎಂದರು. ಇನ್ನೊಬ್ಬಾಕೆ, "ಐದು ಏನ್ ಮಹಾ? ನಾವು ಹೈದರಾಬಾದಿಗೆ ಹೋಗಿ ಇಪ್ಪತ್ತು ಸಾವಿರ ಸುರದ್ವಿ," ಎಂದಳು.

"ನಿಮ್ಮ ಮನ್ಯಾಗ ಯಾರಿಗ್ರಿ ಕ್ಯಾನ್ಸರು?"

"ಯಾರಿಗೂ ಇಲ್ರಿ. ಮಾವನ ಹಲ್ಲಿಂದು."

ಪೆನ್ನು ಮುಚ್ಚಿ ಎದ್ದೆ. ಆ ಓಣಿಯ ಕೊನೆಯಲ್ಲಿ ಒಬ್ಬ ರಿಟೈರಾದ ಮಾಸ್ತರರ ಮನೆಯಿತ್ತು. ಅವರ ಹೆಂಡತಿಗೂ ಕಲಬುರಗಿಯಲ್ಲೇ ಸಲೈನ್ ನಡೆದಿತ್ತು. ಅವರು ಮೊದಲ ಸುತ್ತಿನಲ್ಲಿ ನನಗೆ ಏಳುನೂರು ಎಂದು ಬರೆಸಿದ್ದರು. ಆ ದಿನ ನನಗೆ ಕೇಳುವ ಹುರುಪೇ ಇರಲಿಲ್ಲ. ನೀರು ಕುಡಿದು, ಸುಮ್ಮನೆ ನನ್ನ ಚಿಂತೆ ಹೇಳಿಕೊಂಡೆ. "ಮಾಸ್ತರ್ರ, ನಾದಿನಿನ್ನ ಮತ್ತ ಕರಕೊಂಡು ಹೋಗೋದದ. ಕೈಯಾಗ ಎಷ್ಟು ಇಟ್ಟುಕೊಂಡು ಹೋಗಲಿ?"

ಅವರು ಕನ್ನಡಕ ಹಾಕಿಕೊಂಡರು. "ನೋಡ್ರಿ, ಜೇವರ್ಗಿಯಿಂದಾದ್ರ ಗಾಡಿಗೆ ಎರಡು ಸಾವಿರ ಬೇರೆ ತೆಗದಿಡ್ರಿ. ಅಫಜಲಪುರದಿಂದ ಇನ್ನೂ ಹೆಚ್ಚಾಗ್ತದ. ಊಟಕ್ಕ ಮುನ್ನೂರು. ರಕ್ತ ತಪಾಸಣಾದಾಗ ಕಮ್ಮಿ ಬಂತಂದ್ರ ಸಲೈನ್ ಮರುದಿನಕ್ಕ ಹೋಗ್ತದ, ಒಂದು ರಾತ್ರಿ ರೂಮಿಗೆ ಐನೂರು ಒಳಗಿನ ಕಿಸೇದಾಗ ಇರಲಿ. ಇದಕ್ಕ ಕಮ್ಮಿ ಒಯ್ಯಬ್ಯಾಡ್ರಿ, ಹೈರಾಣ ಆಗ್ತೀರಿ."

ಏಳುನೂರು ಎಂದು ಬರೆಸಿದ ಅದೇ ಬಾಯಿ! ದಾರಿಯುದ್ದಕ್ಕೂ ಯೋಚಿಸಿದೆ. ಎಷ್ಟು ಕೊಟ್ಟಿರಿ ಎಂದರೆ ನಮ್ಮವರಿಗೆ ಅದು ಪರೀಕ್ಷೆ. ಎಷ್ಟು ಒಯ್ಯಲಿ ಎಂದರೆ ಅದು ಸಲಹೆ. ಪರಊರಿಗೆ ಹೊರಟವರಿಗೆ ಕಡಿಮೆ ಹೇಳಿ ಕಳಿಸಿ, ಅಲ್ಲಿ ಅವರು ಕೈ ಖಾಲಿಯಾಗಿ ನಿಂತರೆ ಆ ಪಾಪ ಹೇಳಿದವರಿಗೆ ಸುತ್ತಿಕೊಳ್ಳುತ್ತದೆ. ಹೆಚ್ಚು ಹೇಳಿದರೆ ರೋಗಿಯ ಮನೆಯವರನ್ನು ಸಾಲಕ್ಕೆ ಕಳಿಸಿದ ಪಾಪ. ಹೀಗಾಗಿ ಈ ಒಂದು ಪ್ರಶ್ನೆಗೆ ಮಾತ್ರ ನಮ್ಮ ಜನ ತೂಗಿ ಉತ್ತರ ಕೊಡುತ್ತಾರೆ.

ಮೇಡಂಗೆ ಹೇಳಿದೆ. ಅವರು ಕೂಡಲೇ ಒಪ್ಪಲಿಲ್ಲ. "ನೀವು ಕೇಳಿರೋದು ಮುಂದಿನ ಖರ್ಚು ಅಕ್ಕಾ. ನಂಗೆ ಬೇಕಿರೋದು ಆಗಿಹೋದ ಖರ್ಚು. ಎರಡೂ ಒಂದೇ ಅಲ್ಲ."

"ಎಷ್ಟು ಫರಕ ಬೀಳ್ತದ್ರಿ?"

"ಅದೇ ಗೊತ್ತಿಲ್ವಲ್ಲ."

ಬಹಳ ಹೊತ್ತು ಎಳೆದಾಡಿದೆವು. ಚೌಕಾಶಿ ಬರುವುದಿಲ್ಲ ಎಂದಿದ್ದ ಆ ಮೇಡಂ ಅಂದು ಒಂದು ಪೈಸೆ ಬಿಡಲಿಲ್ಲ. ಕೊನೆಗೆ ಒಪ್ಪಂದ ಹೀಗೆ ಆಯಿತು: ಮೊದಲು ನನ್ನ ಪ್ರಶ್ನೆ, ಆಮೇಲೆ "ಹಂಗಾದ್ರ ನಿಮಗ ಹೋದ ಸಲ ಎಷ್ಟು ಆಗಿತ್ತು?" ಎಂಬ ಅವರ ಪ್ರಶ್ನೆ. ಗಾಡಿಯ ರೇಟನ್ನು ಅವರು ತಾವೇ ಆಯಾ ಊರಿನ ಡ್ರೈವರುಗಳಿಗೆ ಕೇಳಿ ತಾಳೆ ನೋಡುತ್ತಾರೆ, ರೂಮಿನ ಚೀಟಿ ಇದ್ದರೆ ಅದನ್ನೂ. ತಾಳೆಯಾಗದ ಮನೆಯನ್ನು ಬೇರೆ ಇಡುತ್ತಾರೆ. ಕಡೆಯ ಶರತ್ತು ನನಗೆ: ಅಂಕಿ ಕೇಳಿದ ಮೇಲೆ ಬಾಯಿ ತೆಗೆಯಕೂಡದು, ಹುಬ್ಬೂ ಏರಿಸಕೂಡದು.

ಇದರಷ್ಟು ಕಷ್ಟದ ಕೆಲಸ ನಾನು ಮಾಡಿಲ್ಲ. ಪ್ರತಿ ಮನೆಯಲ್ಲೂ ನಾಲಿಗೆಯ ಕೆಳಗೆ ಲವಂಗ ಇಟ್ಟುಕೊಂಡು ಕೂತೆ. ಹಿರೋಳ್ಳಿಯ ಮುದುಕರು ಈ ಸಲ ಎರಡು ಸಾವಿರ ಎಂದು ಹೇಳಿ, ನಾನು ಏನಾದರೂ ಅನ್ನುತ್ತೇನೆಂದು ಕಾಯ್ದರು. ನಾನು ಬರೆದುಕೊಂಡೆ. ಅವರಿಗೆ ಗಾಬರಿಯಾಯಿತು. "ಯಾಕೆವ್ವ, ಮೈಯಾಗ ಆರಾಮ ಅದ ಇಲ್ಲ?" ಎಂದು ವಿಚಾರಿಸಿದರು.

ಹೊಸ ಅಂಕಿ ಹಾಕಿದಾಗ ಮಾಡೆಲ್ ಮಗ್ಗಲು ಬದಲಿಸಿತು. ಅಫಜಲಪುರದ ರೋಗಿಗಳಿಗೆ ಸಲೈನ್ ಅಲ್ಲೇ ಹಾಕುವುದು, ಸರ್ಕಾರದ ಖರ್ಚನ್ನೂ ಮನೆಯವರ ಖರ್ಚನ್ನೂ ಕೂಡಿಸಿದರೆ, ಅಗ್ಗ ಎಂದು ಬಂತು. ಮೇಡಂ ಸಭೆಯಲ್ಲಿ ಓದಿದರು. ವಾರಕ್ಕೊಂದು ದಿನ, ಪ್ರಯೋಗಕ್ಕೆಂದು, ತಾಲ್ಲೂಕು ಆಸ್ಪತ್ರೆಯಲ್ಲಿ ಎರಡು ಕುರ್ಚಿಯ ಕೋಣೆ ಶುರುವಾಯಿತು. ಅಷ್ಟರಲ್ಲಿ ನಾದಿನಿಗೆ ಎರಡೇ ಸಲೈನ್ ಉಳಿದಿದ್ದವು. ಓಡಿಹೋಗಿ ಅವಳಿಗೆ ಹೇಳಿದೆ.

"ನಾ ಒಲ್ಲೆ," ಎಂದಳು.

"ಯಾಕ?"

"ಗಾಡಿ ಖರ್ಚಿಲ್ಲ, ಔಷಧದ ಖರ್ಚಿಲ್ಲ, ಇಲ್ಲೇ ಮನಿ ಮುಂದ ಹಾಕ್ತಾರಂದ್ರ ಅದರಾಗ ಏನಿರ್ತದ ವೈನಿ? ಬರೇ ಉಪ್ಪಿನ ನೀರಿರ್ತದ. ಫುಕಟ ಮಾಲು ತೊಗೋಬ್ಯಾಡ ಅಂತ ಹೇಳಿದವರು ಯಾರು?"

ಹೇಳಿದವಳು ನಾನೇ. ಇಪ್ಪತ್ತು ವರ್ಷ ಅದನ್ನೇ ಹೇಳಿ ಸೀರೆ ಮಾರಿದ್ದೆ. ಡಾಕ್ಟರು ಹೇಳಿದರೂ ಅವಳು ಕೇಳಲಿಲ್ಲ; ನಮ್ಮ ಒಪ್ಪಂದ ಮುಗಿಯಿತು, ಕಲಬುರಗಿಗೆ ಹೋಗಲು ದುಡ್ಡಿಲ್ಲ, ಅಫಜಲಪುರದ ಮೇಲೆ ನಂಬಿಕೆಯಿಲ್ಲ, ಎರಡೂ ಬಿಟ್ಟು ಮನೆಯಲ್ಲಿ ಕೂರುತ್ತೇನೆ ಎಂದಳು. ನಾನು ಮೇಡಂಗೆ ಫೋನ್ ಹಚ್ಚಿ, ಅದೇ ಔಷಧದ ಒಂದು ಬಾಟಲಿಗೆ ಸರ್ಕಾರಕ್ಕೆ ಬೀಳುವ ಖರ್ಚು ಎಷ್ಟು ಎಂದು ಕೇಳಿದೆ. ಅದೂ ಮಾಡೆಲ್‌ನಲ್ಲಿತ್ತು. ಮೇಡಂ ಹೇಳಿದ ಅಂಕಿಯನ್ನು ನಾನು ನಾದಿನಿಗೆ ತಿಳಿಯುವ ನಾಣ್ಯಕ್ಕೆ ಬದಲಿಸಿದೆ.

"ಒಂದು ಬಾಟಲಿ ಅಂದ್ರ ಬೆಳದ ಎರಡು ಆಡು."

ಅವಳು ಎದ್ದು ಕೂತಳು. "ಎರಡು ಆಡು? ನನ್ನ ಒಂದು ಕೈಯಾಗ?"

"ಕಲಬುರಗ್ಯಾಗೂ ಅದೇ ಬಾಟಲಿ, ಇಲ್ಲೂ ಅದೇ ಬಾಟಲಿ. ಅಲ್ಲಿಂದ ಐಸಿನ ಡಬ್ಬಿಯೊಳಗ ಬರ್ತದ. ನಿನಗ ಬ್ಯಾಡಾದ್ರ ಬಿಡು, ಜೇವರ್ಗಿ ಮಂದಿ ನಮಗ ಯಾಕಿಲ್ಲ ಅಂತ ಜಗಳ ತೆಗದಾರ."

"ಅವರ್ಯಾಕ ಬರ್ತಾರ? ನಮ್ಮ ತಾಲ್ಲೂಕಿಂದು ಅದು!" ಎನ್ನುತ್ತ ಚಪ್ಪಲಿ ಹುಡುಕಿದಳು.

ಎರಡೂ ಸಲೈನ್ ಅಲ್ಲೇ ಮುಗಿದವು. ಕೊನೆಯ ದಿನ ಪಕ್ಕದ ಕುರ್ಚಿಯಲ್ಲಿ ಕೂತ ಹೊಸ ರೋಗಿ ಹೆದರಿ ಅಳುತ್ತಿದ್ದಳು. ನಾದಿನಿ ಅವಳಿಗೆ, "ಅಳಬ್ಯಾಡವ್ವ, ಅಲುಗಾಡಬ್ಯಾಡ, ಎರಡು ಆಡು ಒಳಗ ಹೊಂಟಾವ," ಎಂದಳು. ಆಕೆ ಅಳು ಬಿಟ್ಟು ಬಾಟಲಿಯನ್ನೇ ನೋಡುತ್ತ ಕೂತಳು. ನಾದಿನಿ ಈಗ ಮತ್ತೆ ಖಾನಾವಳಿಗೆ ರೊಟ್ಟಿ ಕೊಡುತ್ತಿದ್ದಾಳೆ, ಮೊದಲಿನ ಅರ್ಧದಷ್ಟು. ತಪಾಸಣೆಗೆ ಮಾತ್ರ ಕಲಬುರಗಿಗೆ ಹೋಗುತ್ತಾಳೆ. ಆ ದಿನ ಬಸ್ಸು ನಡೆಯುತ್ತದೆ.

ನಿಮ್ಮ ಮನೆಯಲ್ಲಿ ಇಂಥ ಕಾಯಿಲೆ ಬಂದರೆ, ಮೊದಲು ಡಾಕ್ಟರಿಗೆ ಕೇಳಿ: ತಪಾಸಣೆ ಇಲ್ಲಿ ಆಗಲಿ, ಸಲೈನ್ ನಮ್ಮ ತಾಲ್ಲೂಕಿನಲ್ಲಿ ಹಾಕಿಸಬಹುದೇ? ಕೇಳದಿದ್ದರೆ ಯಾರೂ ತಾವಾಗಿ ಹೇಳುವುದಿಲ್ಲ. ಗಾಡಿ ಮಾಡುವುದಾದರೆ ಕಡಿಮೆ ರೇಟಿನವನನ್ನಲ್ಲ, ಮೆಲ್ಲಗೆ ಹೊಡೆಯುವವನನ್ನು ಹಿಡಿಯಿರಿ. ರಕ್ತ ಕಡಿಮೆ ಬಂದರೆ ಒಂದು ರಾತ್ರಿ ನಿಲ್ಲಬೇಕಾಗುತ್ತದೆ, ಅದಕ್ಕೆ ದುಡ್ಡು ಬೇರೆ ಇಟ್ಟುಕೊಳ್ಳಿ. ರೊಟ್ಟಿ ಬಡಿಯುವವಳ ಕೂಲಿಯನ್ನೂ ಖರ್ಚಿನಲ್ಲಿ ಸೇರಿಸಿ. ಔಷಧ ಪುಕ್ಕಟೆ ಎಂದ ಮಾತ್ರಕ್ಕೆ ಚಿಕಿತ್ಸೆ ಪುಕ್ಕಟೆ ಎಂದು ನೆಂಟರ ಮುಂದೆ ಹೇಳಬೇಡಿ, ಆಮೇಲೆ ಕೈಗಡವೂ ಹುಟ್ಟುವುದಿಲ್ಲ. ಇನ್ನು ಆಸ್ಪತ್ರೆಯಿಂದ ಬಂದವರು ಗಾಡಿಗೆ ಇಷ್ಟು ಕೊಟ್ಟೆವು ಎಂದು ನಿಮ್ಮೆದುರು ಹೇಳಿದರೆ, ಅದು ಎಷ್ಟೇ ಹೆಚ್ಚಿರಲಿ, ನುಂಗಿಕೊಳ್ಳಿ. "ಮಲಗಿಕೊಂಡು ಬರಾಕ ಜಾಗಾ ಸಾಕಾತೇನು?" ಎಂದಷ್ಟೇ ಕೇಳಿ, ಚಹಾಕ್ಕೆ ಇಡಿ.